ಕೊಳದ ಈಚೆ ದಡ

ಗಾಲ್ಫ್ ಚೆಂಡನ್ನು ಮುನ್ನೂರು ಗಜ ಹೊಡೆಯುವವರ ಲೆಕ್ಕಾಚಾರ ಬೇರೆ; ನೂರೈವತ್ತು ಗಜಕ್ಕೇ ಏದುಸಿರು ಬಿಡುವ ನಮ್ಮಂಥವರದು ಬೇರೆ. ಇದನ್ನು ನನಗೆ ಕಲಿಸಿದವರು ರಾಜಾಜಿನಗರದ ವರ್ಕ್‌ಶಾಪೊಂದರಲ್ಲಿ ಲೋಹ ಕಡೆಯುವ ಲೇತ್ ಯಂತ್ರ ನಡೆಸಿ ನಿವೃತ್ತರಾದ ಹಿರಿಯ ಗೆಳೆಯರೊಬ್ಬರು. ಭಾನುವಾರ ಬೆಳಗ್ಗೆ ಹೊಸಹಳ್ಳಿಯಲ್ಲಿ ಮೆಟ್ರೊ ಹತ್ತಿ, ಇಬ್ಬರಿಗೂ ಸೇರಿ ಒಂದೇ ಚೀಲ ಹೊತ್ತು, ಕೆಂಗೇರಿಯಾಚೆಯ ಒಂಬತ್ತು ಕುಳಿಗಳ ಸಣ್ಣ ಗಾಲ್ಫ್ ಮೈದಾನಕ್ಕೆ ಹೋಗುತ್ತಿದ್ದೆವು. ಈ ಆಟ ಸಿರಿವಂತರ ಸ್ವತ್ತಾಗಿ ಉಳಿಯಬಾರದೆಂಬುದು ನನ್ನ ವಾದ. ಅವರಿಗೆ ವಾದವಿರಲಿಲ್ಲ, ಒಂದು ಆಸೆಯಿತ್ತು: ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಮುನ್ನ ಒಮ್ಮೆಯಾದರೂ ಒಂಬತ್ತು ಕುಳಿಗಳನ್ನು ಐವತ್ತಕ್ಕಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸಬೇಕು.

ಅವರ ಆಟವೂ ಲೇತಿನ ಕೆಲಸದಂತೆಯೇ. "ಮೆಟೀರಿಯಲ್ ಸ್ವಲ್ಪ ಜಾಸ್ತಿ ಉಳಿದ್ರೆ ಇನ್ನೊಂದು ಕಟ್ ತಗೋಬೋದು ಸಾರ್. ಜಾಸ್ತಿ ತೆಗೆದ್ಬಿಟ್ರೆ ವಾಪಸ್ ಅಂಟ್ಸಕ್ಕಾಗತ್ತಾ?" ಎನ್ನುತ್ತಿದ್ದರು. ಕುಳಿಯಲ್ಲಿ ನೆಟ್ಟ ಬಾವುಟದತ್ತ ಅವರು ಗುರಿಯಿಡುತ್ತಲೇ ಇರಲಿಲ್ಲ; ಹೊಡೆತ ತಪ್ಪಿದರೂ ಚೆಂಡು ಕಳೆದುಹೋಗದ ಜಾಗವನ್ನು ಹುಡುಕುತ್ತಿದ್ದರು.

ಶಸ್ತ್ರಚಿಕಿತ್ಸೆಗೆ ಮುಂಚಿನ ಕೊನೆಯ ಭಾನುವಾರ ಎಂಟು ಕುಳಿಗಳಿಗೆ ಅವರದು ನಲವತ್ನಾಲ್ಕು ಹೊಡೆತಗಳಾಗಿದ್ದವು. ಒಂಬತ್ತನೆಯದನ್ನು ಐದರಲ್ಲಿ ಮುಗಿಸಿದರೆ ಸಾಕು. ಮೊದಲ ಹೊಡೆತ ನೆಟ್ಟಗೆ ಹೋಯಿತು. ಮುಂದೆ ಕೊಳ, ಅದರಾಚೆ ಕುಳಿ. ಅವರು ಚೀಲದಿಂದ, ಹತ್ತಿರಕ್ಕಷ್ಟೇ ಹೊಡೆಯುವ ಚಿಕ್ಕ ಕೋಲನ್ನು ತೆಗೆದರು: ಎರಡನೆಯ ಹೊಡೆತ ಈಚೆ ದಡಕ್ಕೆ, ಮೂರನೆಯದು ಆಚೆಗೆ, ಇನ್ನೆರಡು ಕುಳಿಗೆ.

ಆಗ ನಾನು ಬಾಯಿ ತೆರೆದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ಬಾಯಿ. ನಮ್ಮಂಥವರನ್ನು ಕಟ್ಟಿಹಾಕಿರುವುದು ಭಯವೇ ಎಂದೆ. ಗಾಳಿ ಹಿಂದಿನಿಂದ ಬೀಸುತ್ತಿದೆಯೆಂದೆ. ಇಂದು ದಾಟದಿದ್ದರೆ ಇನ್ನೆಂದು ಎಂದೆ.

"ಮಾತಲ್ಲಿ ನಿಮ್ಮನ್ನ ಗೆಲ್ಲಕ್ಕಾಗತ್ತಾ ಸಾರ್! ನೀವು ಇನ್ನೆರಡು ನಿಮಿಷ ಮಾತಾಡಿದ್ರೆ ಕೊಳಾನೇ ಪಕ್ಕಕ್ಕೆ ಸರ್ಕೊಳತ್ತೆ," ಎಂದು ನಕ್ಕು, ಚಿಕ್ಕ ಕೋಲನ್ನು ಒಳಗಿಟ್ಟು ಉದ್ದನೆಯದನ್ನು ಕೈಗೆತ್ತಿಕೊಂಡರು.

ಚೆಂಡು ನೀರಿಗೆ ಬಿತ್ತು. ಅದಕ್ಕೊಂದು ದಂಡದ ಹೊಡೆತವೂ ಸೇರಿ ಆ ಕುಳಿಗೆ ಆರು. ಒಟ್ಟು ಸರಿಯಾಗಿ ಐವತ್ತು.

"ಬಿಡಿ ಸಾರ್, ಹಳೇ ಚೆಂಡು," ಎಂದು ಅವರೇ ನನ್ನನ್ನು ಸಮಾಧಾನಪಡಿಸಿದರು.

ಚಿಕಿತ್ಸೆಯ ನಂತರವೂ ಆ ಮೊಣಕಾಲು ಮೈದಾನಕ್ಕೆ ಒಪ್ಪಲಿಲ್ಲ. ಈಗ ನಾನೊಬ್ಬನೇ ಹೋಗುತ್ತೇನೆ. ಮೆಟ್ರೊದಲ್ಲಿ ಚೀಲದ ಇನ್ನೊಂದು ತುದಿ ಹಿಡಿಯಲು ಯಾರೂ ಇಲ್ಲ. ಕೊಳದ ಬಳಿ ಪ್ರತಿ ಸಲವೂ ಚಿಕ್ಕ ಕೋಲನ್ನೇ ತೆಗೆಯುತ್ತೇನೆ. ಕಳೆದ ವಾರ ಆ ಕುಳಿಯನ್ನು ಐದರಲ್ಲಿ ಮುಗಿಸಿ, ನೇರವಾಗಿ ಹೆಗ್ಗನಹಳ್ಳಿಯ ಅವರ ಮನೆಗೆ ಹೋದೆ.

"ನಿಮ್ಮ ನಲವತ್ನಾಲ್ಕಕ್ಕೆ ಈ ಐದನ್ನ ಸೇರಿಸ್ಕೊಳ್ಳಿ," ಎಂದೆ. ಬೇಡವೆಂದರೆ ಹೂಡಲು ವಾದವನ್ನೂ ಸಿದ್ಧಪಡಿಸಿಕೊಂಡಿದ್ದೆ.

"ಅದು ನಿಮ್ಮ ಐದು ಸಾರ್. ನಂದು ಇನ್ನೂ ಅಲ್ಲೇ ಇದೆ, ಈಚೆ ದಡದಲ್ಲಿ."

ನಾನು ವಾದವನ್ನು ಬದಿಗಿಟ್ಟು ಅವರ ಪಕ್ಕ ಕುಳಿತೆ. ಅವರು ಕೇಳಿದರು: "ನಿಮ್ಮ ಎರಡನೇ ಹೊಡೆತ ಎಲ್ಲಿ ನಿಂತ್ಕೊಂತು? ಅಲ್ಲಿ ಹುಲ್ಲು ಕತ್ತರಿಸಿದಾರಾ?"

ನಾನು ಹೇಳುತ್ತಾ ಹೋದೆ. ಅವರು ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಎರಡೂ ಕೈ ಜೋಡಿಸಿ, ಇಲ್ಲದ ಕೋಲೊಂದನ್ನು ಈಚೆ ದಡಕ್ಕೆ ಸಾಕಾಗುವಷ್ಟು, ಸೊಂಟದವರೆಗೆ ಮಾತ್ರ ಎತ್ತಿದರು.