ಉಡಿಯಕ್ಕಿ ಉಂಡ ಮೆಂಬರಮ್ಮ

ಮೊನ್ನೆ ನ್ಯಾಮತಿಯ ತವರಿಗೆ ಹೋಗಿದ್ದೆ. ಹೊರಡುವಾಗ ತಮ್ಮನ ಹೆಂಡತಿ ಉಡಿ ತುಂಬಿದಳು. ಬಸ್ಸಿನಲ್ಲಿ ಕೂತು ಸೆರಗಿನ ಗಂಟನ್ನು ಮೂಗಿನ ಹತ್ತಿರ ತಂದೆ. ಅಕ್ಕಿ, ಒಣಕೊಬ್ಬರಿ, ಅರಿಶಿನದ ಕೊಂಬು, ಅಡಿಕೆ... ಆ ವಾಸನೆಗೆ ಎದುರುಮನೆ ಅಕ್ಕ ನೆನಪಾದಳು. ಅಯ್ಯೋ, ಎಷ್ಟು ವರ್ಷವಾಯಿತು!

ಎಪ್ಪತ್ತರ ದಶಕದ ಕೊನೆ ಇರಬೇಕು. ನ್ಯಾಮತಿ ಆಗ ಹೊನ್ನಾಳಿ ತಾಲೂಕಿಗೆ ಸೇರಿತ್ತು. ಅಕ್ಕ ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಷೀನು ತುಳಿದು ಬದುಕುತ್ತಿದ್ದವಳು. ಬಾಯಿ ಮಾತ್ರ ಬಲು ಜೋರು. ನಲ್ಲಿಯಲ್ಲಿ ನೀರು ಬರದಿದ್ದರೆ ಖಾಲಿ ಕೊಡ ಹಿಡಿದುಕೊಂಡೇ ಪಂಚಾಯ್ತಿ ಆಫೀಸಿಗೆ ನುಗ್ಗಿ, ಸಾಹೇಬರ ಮೇಜಿನ ಮೇಲೆ ಕುಕ್ಕಿ ಕೂರುತ್ತಿದ್ದಳು. ತಾಲೂಕು ಬೋರ್ಡಿನ ಚುನಾವಣೆಗೆ ಒಬ್ಬ ಹೆಂಗಸು ಬೇಕೆಂದು ಪಾರ್ಟಿಯವರು ಬಂದಾಗ ಇಡೀ ಓಣಿ ಆಕೆಯನ್ನೇ ತೋರಿಸಿತು. ನಿಂತಳು, ಗೆದ್ದಳು. ಅವತ್ತಿನಿಂದ ಊರಿಗೆಲ್ಲ ಮೆಂಬರಮ್ಮ.

ನಮ್ಮ ಹೈಸ್ಕೂಲಿಗೆ ಹೋಗುವ ದಾರಿಯಲ್ಲೇ ಸಾರಾಯಿ ಅಂಗಡಿ ಇತ್ತು. ಸ್ಕೂಲು ಬಿಡುವ ಹೊತ್ತಿಗೆ ಕುಡಿದವರು ರಸ್ತೆಯಲ್ಲೇ ನಿಂತಿರುತ್ತಿದ್ದರು. ಒಂದು ದಿನ ಒಬ್ಬ ನನ್ನ ಜಡೆ ಎಳೆದ. ಅಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಆ ಅಂಗಡಿ ಹೋಗ್ಬೇಕು, ಇಲ್ಲಾಂದ್ರೆ ನೀನು ಸ್ಕೂಲು ಬಿಡ್ಬೇಕು." ನಾನು ಅಳುತ್ತ ಎದುರುಮನೆಗೆ ಓಡಿದೆ.

"ಅಳಬ್ಯಾಡ ಕಣೇ. ಅಂಗಡಿ ಊರ ಹೊರಗೆ ಹಾಕ್ಸಾಕೆ ಬೋರ್ಡಿನಾಗೆ ಠರಾವು ಮಾಡಿಸ್ತೀನಿ," ಎಂದು ಅಕ್ಕ ಮಾತು ಕೊಟ್ಟಳು.

ಮೀಟಿಂಗಿನ ದಿನ ಬೆಳಿಗ್ಗೆ ನಮ್ಮ ಅಜ್ಜಿ ಓಣಿಯ ಹೆಂಗಸರನ್ನೆಲ್ಲ ಕರೆದು, ಅಕ್ಕನಿಗೆ ಉಡಿ ತುಂಬಬೇಕು ಎಂದಳು. ಗಂಡ ಹೋದ ಮೇಲೆ ಆಕೆಗೆ ಯಾರೂ ಉಡಿ ತುಂಬಿರಲಿಲ್ಲ. ಅದು ಪದ್ಧತಿಯೂ ಅಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡರು.

"ಅವಳು ಈ ಓಣಿ ಮಗಳು ಕಣ್ರೇ. ಮಗಳು ಹೊಂಟ್ರೆ ಬರೀ ಉಡೀಲಿ ಕಳಿಸ್ತೀರೇನ್ರೇ?" ಎಂದಳು ಅಜ್ಜಿ. ಎಲ್ಲರೂ ತಂತಮ್ಮ ಮನೆಯ ಅಕ್ಕಿ ತಂದು ಸುರಿದರು. ಅಷ್ಟು ಜೋರಿನ ಅಕ್ಕ ಗಳಗಳ ಅತ್ತುಬಿಟ್ಟಳು. ಉಡಿಯ ಗಂಟು ಹಿಡಿದುಕೊಂಡೇ ಹೊನ್ನಾಳಿ ಬಸ್ಸು ಹತ್ತಿದಳು.

ಸಂಜೆ ಬಸ್ಸಿಗೆ ಬಂದವಳು ತನ್ನ ಮನೆಗೆ ಹೋಗದೆ ನೇರ ನಮ್ಮ ಜಗಲಿಗೆ ಬಂದಳು.

"ಠರಾವು ಬಿದ್ದೋತು ಅಜ್ಜಿ. ಅಂಗಡಿ ಅಲ್ಲೇ ಇರ್ಲಿ ಅಂತ ನಾನೂ ಕೈ ಎತ್ತಿದೆ."

ಮೀಟಿಂಗಿಗೆ ಮುಂಚೆ ಪಾರ್ಟಿಯ ಮುಖಂಡರು ಆಕೆಯನ್ನು ಒಳಗೆ ಕರೆದರಂತೆ. ಅಂಗಡಿಯ ಗುತ್ತಿಗೆದಾರ ಪಾರ್ಟಿಗೆ ಬೇಕಾದವನು, ಅವನನ್ನು ಎದುರು ಹಾಕಿಕೊಂಡರೆ ಮುಂದಿನ ಸಲ ಟಿಕೆಟ್ಟೂ ಇಲ್ಲ, ಓಣಿಗೆ ಇನ್ನೊಂದು ನಲ್ಲಿಯೂ ಇಲ್ಲ ಎಂದರಂತೆ. ಎಲ್ಲರ ಕೈ ಮೇಲೆ ಹೋದಾಗ ಆಕೆಯ ಕೈಯೂ ಹೋಯಿತು...

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಾಹೇಬರಿಗೆ ಹೆದರದವಳು ಇವರಿಗೆ ಹೆದರಿದಳಲ್ಲ! ಥೂ, ಇವಳೂ ಅವರಂಥವಳೇ ಎಂದುಕೊಂಡೆ. ನಾಳೆಯಿಂದ ನನಗೆ ಸ್ಕೂಲಿಲ್ಲವಲ್ಲ!

ಅಕ್ಕ ಗಂಟು ಬಿಚ್ಚಿ ಅಜ್ಜಿಯ ಮುಂದೆ ಇಟ್ಟಳು. "ಇದು ನಂಗೆ ದಕ್ಕಲ್ಲ, ತಗಂಬಿಡ್ರಿ."

ಅಜ್ಜಿ ಅದನ್ನು ಮುಟ್ಟಲಿಲ್ಲ. "ಅಕ್ಕಿ ಮ್ಯಾಲೂ ಆಸೆ, ನೆಂಟ್ರ ಮ್ಯಾಲೂ ಪ್ರೀತಿ ಅಂದ್ರೆ ಹಿಂಗೇ ಆಗಾದು," ಎಂದು ಬೈದಳು. ಚೆನ್ನಾಗಿಯೇ ಬೈದಳು. ಆಮೇಲೆ ಗಂಟನ್ನು ಆಕೆಯ ಕಡೆಗೇ ಸರಿಸಿ ಹೇಳಿದಳು: "ತುಂಬಿದ ಉಡಿ ವಾಪಸ್ ತಗಣಾಕೆ ಬರಲ್ಲ ತಾಯಿ. ಒಯ್ದು ಅನ್ನ ಮಾಡ್ಕೊಂಡು ಉಣ್ಣು. ಉಂಡ ಮ್ಯಾಲೆ ಋಣ ಹೆಂಗೆ ತೀರಿಸ್ಬೇಕು, ನೀನೇ ನೋಡ್ಕೋ."

ಮರುದಿನ ಸ್ಕೂಲಿನ ಹೊತ್ತಿಗೆ ಅಕ್ಕ ದೊಡ್ಡ ಕೊಡೆಯೊಂದನ್ನು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದಳು. "ಹುಡುಗೀನ ಕಳಿಸ್ರಿ. ಹೋಗಾಕೂ ಬರಾಕೂ ನಾನಿರ್ತೀನಿ," ಎಂದಳು. ಅಪ್ಪ ಅಜ್ಜಿಯ ಮುಖ ನೋಡಿದರು. ಅಜ್ಜಿ ತಲೆಯಾಡಿಸಿದಳು.

ನಾನು ಕೆಲವು ದಿನ ಆಕೆಯ ಜೊತೆ ಮಾತಾಡಲೇ ಇಲ್ಲ, ಬಿಗುಮಾನದಿಂದ ಹಿಂದೆ ಹಿಂದೆ ನಡೆದೆ. ಬರಬರುತ್ತ ಬೇರೆ ಓಣಿಯ ಹುಡುಗಿಯರೂ ಸೇರಿಕೊಂಡರು. ಮುಂದೆ ಕೊಡೆ ಬೀಸುತ್ತ ಅಕ್ಕ, ಹಿಂದೆ ನಮ್ಮ ದಂಡು. ಒಮ್ಮೆ ಒಬ್ಬ ಗ್ಲಾಸನ್ನು ಬೆನ್ನ ಹಿಂದೆ ಬಚ್ಚಿಟ್ಟು "ನಮಸ್ಕಾರ ಮೆಂಬರಮ್ಮ" ಎಂದ. "ನಮಸ್ಕಾರ ಆಮ್ಯಾಕೆ, ಮೊದ್ಲು ಪಂಚೆ ಸರಿಯಾಗಿ ಕಟ್ಕೊಳಪ್ಪ," ಎಂದಳು. ನಾವು ಸ್ಕೂಲು ಮುಟ್ಟುವವರೆಗೂ ನಕ್ಕೆವು. ಆ ನಗುವಿನಲ್ಲಿ ನನ್ನ ಬಿಗುಮಾನವೂ ಹೋಯಿತು. ಈ ಓಡಾಟದಲ್ಲಿ ಹೊಲಿಗೆ ಹಿಂದೆ ಬಿತ್ತು. ಹಬ್ಬಕ್ಕೆ ಕೊಟ್ಟ ರವಿಕೆ ಹಬ್ಬ ಮುಗಿದ ಮೇಲೆ ಸಿಗುತ್ತಿತ್ತು. ಓಣಿಯವರು ಗೊಣಗುತ್ತಿದ್ದರೇ ಹೊರತು ಬೇರೆ ಕಡೆ ಕೊಡಲಿಲ್ಲ.

ಕೈ ಎತ್ತಿದ್ದಕ್ಕೆ ಟಿಕೆಟ್ಟಾದರೂ ಸಿಕ್ಕಿತೇ? ಎಲ್ಲಿಯದು! ಅದು ಗುತ್ತಿಗೆದಾರನ ಅತ್ತಿಗೆಗೆ ಹೋಯಿತು. ಅಂಗಡಿ ಅಲ್ಲೇ ಇತ್ತು. ನಾನು ಮಾತ್ರ ಎಸ್ಸೆಸ್ಸೆಲ್ಸಿ ಮುಗಿಸಿ, ಟಿ.ಸಿ.ಎಚ್. ಮಾಡಿ, ಜಗಳೂರು ಕಡೆ ಟೀಚರಾಗಿ ಹೋದೆ. ಅಕ್ಕನ ಮೇಲಿನ ಬೇಸರ ಪೂರ್ತಿ ಹೋಯಿತೇ ಎಂದರೆ, ಇಲ್ಲ. ಅವತ್ತು ಕೈ ಎತ್ತಿದ್ದು ತಪ್ಪೇ. ಆದರೆ ಆಕೆಯ ಕೊಡೆಯ ಹಿಂದೆ ನಡೆದ ದಿನಗಳಷ್ಟು ಖುಷಿಯ ದಿನಗಳೂ ನನಗೆ ಮತ್ತೆ ಸಿಗಲಿಲ್ಲ.

ಆಕೆ ತೀರಿಕೊಂಡ ಸುದ್ದಿ ಜಗಳೂರಿಗೆ ಮುಟ್ಟುವಷ್ಟರಲ್ಲಿ ಮಣ್ಣಾಗಿಹೋಗಿತ್ತು. ಮುಖ ನೋಡಲಾಗಲಿಲ್ಲ...

ಬಸ್ಸಿಳಿದು ಮನೆಗೆ ಬಂದು ಗಂಟು ಬಿಚ್ಚಿ, ಆ ಅಕ್ಕಿಯನ್ನೇ ಅನ್ನಕ್ಕಿಟ್ಟೆ. ನಮ್ಮ ಯಜಮಾನರು ಹೋಗಿ ವರ್ಷವಾಯಿತು. ಆದರೂ ಮೊನ್ನೆ ಉಡಿ ತುಂಬುವಾಗ ತಮ್ಮನ ಹೆಂಡತಿ ಒಂದು ಕ್ಷಣವೂ ಅನುಮಾನಿಸಲಿಲ್ಲ. ಅಕ್ಕನಿಗೆ ತುಂಬಿದ ದಿನದಿಂದ ನಮ್ಮ ಓಣಿಯಲ್ಲಿ ಗಂಡನಿಲ್ಲದ ಹೆಣ್ಣುಮಕ್ಕಳನ್ನೂ ಬರೀ ಉಡಿಯಲ್ಲಿ ಕಳಿಸುವುದಿಲ್ಲ. ಠರಾವು ಬಿದ್ದರೂ ಇದೊಂದು ನಿಂತಿತು ಕಣಕ್ಕಾ ಎಂದು ಕೂಗಿ ಹೇಳಬೇಕೆನಿಸಿತು. ನ್ಯಾಮತಿಯ ಆ ಎದುರುಮನೆಗೆ ಈಗ ಬೀಗ. ತಟ್ಟೆಗೆ ಬಡಿಸಿಕೊಂಡು, ಒಬ್ಬಳೇ ಕೂತು, ಹೊಟ್ಟೆ ತುಂಬ ಉಂಡೆ.