ತಬಲಾದವರ ಫೇಟಾ

ನನ್ನ ಮೈದುನನಿಗೆ ತಬಲಾ ಬಾರಿಸಲು ಬರುವುದಿಲ್ಲ. ತಾಳಕ್ಕೆ ಸರಿಯಾಗಿ ಚಪ್ಪಾಳೆ ಹೊಡೆಯಲೂ ಬರುವುದಿಲ್ಲ. ಆದರೂ ರಾಯಬಾಗ, ಅಥಣಿ, ಕಾಗವಾಡ ಕಡೆಯ ಎಷ್ಟೋ ಊರುಗಳಲ್ಲಿ ತಬಲಾದವರೆಂದು ಆತನ ತಲೆಗೆ ಫೇಟಾ ಸುತ್ತಿ, ಕೈಗೆ ತೆಂಗಿನಕಾಯಿ ಕೊಟ್ಟು ಫೋಟೋ ತೆಗೆಸಿಕೊಂಡಿದ್ದಾರೆ. ತಬಲಾ ಬಾರಿಸಿದವಳು ನಾನು. ಆತ ನಮ್ಮನ್ನೆಲ್ಲ ಟೆಂಪೋದಲ್ಲಿ ಕೂರಿಸಿಕೊಂಡು ಬಂದವನು, ತಬಲಾದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಒಳಗೆ ತಂದಿಟ್ಟವನು. ಅಷ್ಟೇ.

ಜನರಿಗೆ ಕಣ್ಣಿಲ್ಲವೇ ಎಂದು ನೀವು ಕೇಳಬಹುದು. ಕಣ್ಣಿದೆ. ಸಂಜೆಯಿಡೀ ನನ್ನ ಕೈಯನ್ನೇ ನೋಡುತ್ತ ಕೂತಿರುತ್ತಾರೆ. ಆದರೆ ನಮ್ಮ ಕಡೆ ಭಜನೆಯ ಮೇಳವನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿಯಿಲ್ಲ, ಯಾರಿಗೆ ಏನು ಕೊಡಬೇಕು ಎಂಬುದು ಮೊದಲೇ ಗೊತ್ತಾಗಿರುತ್ತದೆ. ಹಾಡಿದ ಹೆಂಗಸರಿಗೆ ಉಡಿ ತುಂಬುತ್ತಾರೆ: ಅಕ್ಕಿ, ಕೊಬ್ಬರಿ, ಉತ್ತತ್ತಿ, ಒಂದು ಕುಬಸದ ಖಣ. ತಬಲಾದವರಿಗೆ ಫೇಟಾ. ಹೆಂಗಸರ ಮೇಳಕ್ಕೂ ತಬಲಾ ಬಾರಿಸಲು ಒಬ್ಬ ಗಂಡಸನ್ನೇ ಕರೆತರುವುದು ರೂಢಿ. ಹಾರ್ಮೋನಿಯಂ ಹೆಂಗಸು ನುಡಿಸಿದರೆ ಯಾರ ತಕರಾರೂ ಇಲ್ಲ, ತಬಲಾಕ್ಕೆ ಮಾತ್ರ ಮೀಸೆ ಬೇಕು. ನಮ್ಮ ಮೇಳಕ್ಕೆ ಮೀಸೆಯಿಲ್ಲದ್ದರಿಂದ, ಜೊತೆಗೆ ಬಂದ ಮೀಸೆಗೆ ಫೇಟಾ ಸುತ್ತಿ ಅವರು ತಮ್ಮ ಕೆಲಸ ಮುಗಿಸಿಬಿಡುತ್ತಾರೆ.

ಹಾಗಾದರೆ ಉಡಿಯಾದರೂ ನನಗೆ ಸಿಗುತ್ತದಲ್ಲ ಎಂದುಕೊಳ್ಳಬೇಡಿ. ನನ್ನ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಉಡಿಯ ತಟ್ಟೆ ಹಿಡಿದ ಹೆಂಗಸು ಸಾಲಿನಲ್ಲಿ ಒಬ್ಬೊಬ್ಬರಿಗೇ ಕುಂಕುಮ ಹಚ್ಚುತ್ತ ಬರುತ್ತಾಳೆ, ನನ್ನ ಹಣೆ ನೋಡುತ್ತಾಳೆ, ಪಕ್ಕದವಳ ಕಡೆಗೆ ಹೊರಳುತ್ತಾಳೆ. ಕೆಲವರಿಗೆ ಪಾಪ ಅನ್ನಿಸಿ ಒಂದು ಬಾಳೆಹಣ್ಣು ಕೊಡುತ್ತಾರೆ. ಕಾಗವಾಡದ ಹತ್ತಿರ ಒಂದು ಊರಲ್ಲಿ, ಶಾಲೆಯ ಟೀಚರ್ ಎಂದು ಗೊತ್ತಾಗಿ, ಎಲ್ಲಿಂದಲೋ ಒಂದು ಪೆನ್ನು ಹುಡುಕಿ ತಂದು ಕೊಟ್ಟರು. ಆ ಪೆನ್ನು ಬರೆಯುತ್ತಿರಲಿಲ್ಲ.

ನಾನು ಅಂಕಲಿಯ ಸುತ್ತಿನ ಒಂದು ಹಳ್ಳಿಯಲ್ಲಿ ಕನ್ನಡ ಕಲಿಸುತ್ತೇನೆ; ನಮ್ಮ ಕಡೆ ಟೀಚರಮ್ಮನನ್ನು 'ಬಾಯಾರ' ಎಂದು ಕರೆಯುತ್ತಾರೆ. ತಬಲಾ ಕಲಿತದ್ದು ಉಗಾರದಲ್ಲಿ, ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಹಿರಿಯರ ಹತ್ತಿರ. ರವಿವಾರ ಬೆಳಿಗ್ಗೆ ಬಸ್ಸು ಹಿಡಿದು ಕೃಷ್ಣೆಯ ಸೇತುವೆ ದಾಟಿ ಹೋಗುತ್ತಿದ್ದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಆಮೆಯ ಹಾಗೆ ತೆವಳುತ್ತಿತ್ತು, ನಾನು ಸೀಟಿನ ಮುಂದಿನ ಕಂಬಿಯ ಮೇಲೆ ಬೆರಳಾಡಿಸುತ್ತ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಕಂಡಕ್ಟರ್ ಒಮ್ಮೆ, "ಬಾಯಾರ, ಏನ ಚಿಂತಿ ಮಾಡಾಕತ್ತೀರಿ?" ಎಂದು ಕೇಳಿದ. ನನ್ನ ಜೀವನದಲ್ಲಿ ಅಷ್ಟು ನಿಶ್ಚಿಂತೆಯಾಗಿದ್ದ ಬೇರೆ ಹೊತ್ತು ನನಗೆ ನೆನಪಿಲ್ಲ.

ಇಲ್ಲಿ ಎರಡು ಮಾತು ಖಡಾಖಂಡಿತವಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲಿ ಹೋದರೂ ಇವೆರಡನ್ನೇ ನನ್ನ ಬಾಯಿಗೆ ತುರುಕಲು ನೋಡುತ್ತಾರೆ.

ಮೊದಲನೆಯದು, ಗಂಡನ ನೆನಪಿಗಾಗಿ ನಾನು ತಬಲಾ ಹಿಡಿಯಲಿಲ್ಲ. ಆತ ಒಳ್ಳೆಯ ಮನುಷ್ಯ, ನನಗೆ ಬಹಳ ಪ್ರೀತಿಯವನು. ಆದರೆ ಸಂಗೀತ ಶುರುವಾದರೆ ಹೊರಗೆ ಹೋಗಿ ಬೀಡಿ ಸೇದುತ್ತಿದ್ದ. ಆತ ಬದುಕಿದ್ದರೂ ನಾನು ತಬಲಾ ಕಲಿಯುತ್ತಿದ್ದೆ, ಆತ ಹೊರಗೆ ಬೀಡಿ ಸೇದುತ್ತಿದ್ದ.

ಎರಡನೆಯದು ರೊಟ್ಟಿಯದು. ನನ್ನ ಭಜನೆ ಕೇಳಿದ ದೊಡ್ಡ ಮನುಷ್ಯರೆಲ್ಲ ಮೈಕಿನ ಮುಂದೆ ನಿಂತು ಹೇಳುವುದು ಒಂದೇ: "ನಮ್ಮ ಹೆಣಮಕ್ಕಳ ಕೈ ಅಂದ್ರ ರೊಟ್ಟಿ ಬಡದ ಕೈ. ಅದಕ್ಕ ತಬಲಾನೂ ಬಂದೈತಿ." ಜನ ಚಪ್ಪಾಳೆ ಹೊಡೆಯುತ್ತಾರೆ. ನನಗೆ ಮೈ ಉರಿಯುತ್ತದೆ. ರೊಟ್ಟಿ ಬಡಿಯುವುದರಿಂದ ತಬಲಾ ಬರುವುದಾದರೆ ನಮ್ಮ ಓಣಿಯ ಪ್ರತಿ ಮನೆಯಲ್ಲೂ ಒಬ್ಬೊಬ್ಬ ತಬಲಜಿ ಇರಬೇಕಿತ್ತು. ನಿಜ ಹೇಳಬೇಕೆಂದರೆ ನನ್ನ ಕಲಿಕೆಗೆ ಅಡ್ಡ ಬಂದದ್ದೇ ರೊಟ್ಟಿಯ ಕೈ. ರೊಟ್ಟಿಗೆ ಅಂಗೈ ಪೂರ್ತಿ ಬೀಳಬೇಕು, ತಬಲಾಕ್ಕೆ ಬೆರಳು ಬಿದ್ದ ಕೂಡಲೇ ಏಳಬೇಕು. ಶುರುವಿನಲ್ಲಿ ನನ್ನ ಏಟಿಗೆ ಡಬ್ಬಿ ಬಡಿದಂಥ ಸಪ್ಪಳ ಬರುತ್ತಿತ್ತು. ಗುರುಗಳು ಕಣ್ಣು ಮುಚ್ಚಿಕೊಂಡು, "ಬಾಯಾರ, ರೊಟ್ಟಿ ಬಡೀಬ್ಯಾಡ್ರಿ. ಹಾತ್ ಹಲಕಾ ಠೇವಾ, ಕೈ ಹಗೂರ ಇರಲಿ" ಎನ್ನುತ್ತಿದ್ದರು. ಆ ಅಂಗೈಯನ್ನು ಮರೆಸಲು ನಾನು ಪಟ್ಟ ಕಷ್ಟ ನನಗೆ ಗೊತ್ತು. ಬೆರಳ ತುದಿ ಬಾತು, ಬೋರ್ಡಿನ ಮೇಲೆ ಸೀಮೆಸುಣ್ಣ ಹಿಡಿಯಲಾಗದೆ ಮಕ್ಕಳ ಕೈಯಿಂದ ಬರೆಸಿದ್ದೇನೆ. ಅಷ್ಟೆಲ್ಲ ಮಾಡಿ ಕಲಿತದ್ದನ್ನು ಒಲೆಯ ಮುಂದೆ ತಾನಾಗಿಯೇ ಬಂತು ಎಂದರೆ ಯಾರು ಸುಮ್ಮನಿರುತ್ತಾರೆ?

ಹಾಗೆಂದು ಅಡಿಗೆಯನ್ನು ಹೀಗಳೆಯುವವಳು ನಾನಲ್ಲ. ನನ್ನ ಮಸಾಲಿ ಖಾರದಂಥ ಖಾರ ಚಿಕ್ಕೋಡಿ ತಾಲೂಕಿನಲ್ಲಿ ಇನ್ನೊಂದಿಲ್ಲ ಎಂದು ನಾನೇ ಹೇಳುತ್ತೇನೆ, ಬೇರೆಯವರು ಹೇಳಲಿ ಎಂದು ಕಾಯುವುದಿಲ್ಲ. ಬೇಸಿಗೆಯಲ್ಲಿ ನಿಪ್ಪಾಣಿಗೆ ಹೋಗಿ ಮೆಣಸಿನಕಾಯಿಯನ್ನು ಮುರಿದು, ಮೂಸಿ ಆರಿಸುತ್ತೇನೆ. ಬಳ್ಳೊಳ್ಳಿ, ಕೊತ್ತಂಬರಿ ಬೀಜ, ಒಣಕೊಬ್ಬರಿ ಎಲ್ಲವನ್ನೂ ಬೇರೆಬೇರೆಯಾಗಿ ಹುರಿದು ಕುಟ್ಟಿಸುತ್ತೇನೆ, ವರ್ಷಪೂರ್ತಿ ಡಬ್ಬಿಯ ಮುಚ್ಚಳ ತೆಗೆದರೆ ಪಕ್ಕದ ಮನೆಯವರು ಸೀನುತ್ತಾರೆ. ಅಡಿಗೆ ಅಡಿಗೆಯೇ, ತಬಲಾ ತಬಲಾವೇ. ಎರಡನ್ನೂ ನಾನು ಬೇರೆಬೇರೆಯಾಗಿ ದುಡಿದು ಗಳಿಸಿದ್ದೇನೆ.

ಮೇಳ ಹೊರಟಾಗ ಬುತ್ತಿ ನನ್ನದೇ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಝುಣಕದ ವಡಿ, ಗಟ್ಟಿ ಮೊಸರು, ಉಳ್ಳಾಗಡ್ಡಿ. ಹಾಡುವ ಮೊದಲೇ ಉಣ್ಣಬೇಕು ಎಂಬುದು ನಾನು ಮಾಡಿದ ನಿಯಮ. ನಮ್ಮ ಹೆಂಗಸರೆಲ್ಲ ಮನೆಯಲ್ಲಿ ಕಡೆಗೆ ಉಣ್ಣುವವರು. ಅಥಣಿಯ ಕಡೆ ದ್ರಾಕ್ಷಿ ತೋಟದ ಬದಿಯಲ್ಲಿ ಟೆಂಪೋ ನಿಲ್ಲಿಸಿ, ಬೇವಿನ ನೆರಳಲ್ಲಿ ಕಾಲು ಚಾಚಿ ಕೂತು, ಯಾರಿಗೂ ಬಡಿಸದೆ, ಯಾರ ತಾಟನ್ನೂ ನೋಡದೆ ಅವರು ಉಣ್ಣುವುದನ್ನು ನೀವು ನೋಡಬೇಕು. ಒಬ್ಬಳು ಸೊಸೆಯ ಮೇಲೆ ಸಿಟ್ಟಾಗಿ ಬಂದಿರುತ್ತಾಳೆ, ಇನ್ನೊಬ್ಬಳು ಅತ್ತೆಗೆ ಸುಳ್ಳು ಹೇಳಿ ಬಂದಿರುತ್ತಾಳೆ. ಊಟ ಮುಗಿಯುವ ಹೊತ್ತಿಗೆ ಇಬ್ಬರೂ ನಗುತ್ತಿರುತ್ತಾರೆ. ಮನೆ ಬಿಟ್ಟು ಹೊರಗೆ ಬರಲು ಅವರಿಗೆ ಭಜನೆಯೊಂದೇ ದಾರಿ. ದೇವರ ಕೆಲಸ ಎಂದರೆ ಯಾವ ಗಂಡಸೂ ತಡೆಯುವುದಿಲ್ಲ.

ಈ ಕಾರಣಕ್ಕೇ ನಾನು ಫೇಟಾದ ವಿಷಯದಲ್ಲಿ ಬಹಳ ದಿನ ಸುಮ್ಮನಿದ್ದೆ. ಒಂದು ಊರಲ್ಲಿ ಜಗಳ ತೆಗೆದರೆ ಇನ್ನೊಂದು ಊರು ಕರೆಯುವುದಿಲ್ಲ. ಕರೆಯದಿದ್ದರೆ ನನ್ನ ತಬಲಾವೊಂದೇ ಮೂಲೆಗೆ ಬೀಳುವುದಿಲ್ಲ, ಇವರ ಬೇವಿನ ನೆರಳೂ ಹೋಗುತ್ತದೆ. ಮೈದುನ ಫೇಟಾ ಸುತ್ತಿಕೊಂಡು ಬಂದು, "ವೈನಿ, ನಿಮ್ದು ಇದು, ತಗೋರಿ" ಎಂದು ನಾಚಿಕೆಯಿಂದ ನನ್ನ ಮುಂದೆ ಇಡುತ್ತಿದ್ದ. ನಾನು ನಕ್ಕು, "ನೀ ಇಟ್ಕೊ, ನಿನಗ ಚೊಲೊ ಕಾಣ್ತೈತಿ" ಎನ್ನುತ್ತಿದ್ದೆ.

ಅದಕ್ಕೆ ಕೊನೆ ಹಾಡಿದ್ದು ಒಂದು ಚೀಲ. ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಮೇಳದಲ್ಲಿ ಹಾರ್ಮೋನಿಯಂ ನುಡಿಸುತ್ತಾಳೆ. ಕೌದಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಬಣ್ಣದ ಪಕ್ಕ ಬಣ್ಣ ಎಲ್ಲಿ ಕೂರಬೇಕು ಎಂದು ಅವಳಿಗೆ ಯಾರೂ ಕಲಿಸಿಲ್ಲ, ತಪ್ಪಿದರೆ ಇಡೀ ಸಾಲನ್ನು ಬಿಚ್ಚಿ ಮತ್ತೆ ಹೊಲಿಯುತ್ತಾಳೆ. ತಬಲಾದ ಚೀಲ ಹರಿದಿದೆ ಎಂದು, ಕೌದಿಯ ಹಾಗೆ ತುಂಡು ಜೋಡಿಸಿ ಹೊಸದು ಮಾಡಲು ಕೂತಳು. ಮೇಳದ ಪ್ರತಿಯೊಬ್ಬಳಿಂದಲೂ, ಊರೂರಿನಲ್ಲಿ ಉಡಿಗೆ ಬಂದ ಖಣದ ಒಂದೊಂದು ತುಂಡು ಬೇಡಿ ತಂದಳು. ಹಸಿರು, ಕಿರಮಂಜಿ, ನವಿಲು ಬಣ್ಣ. ನೆಲದ ಮೇಲೆ ಹರವಿದಾಗ ಕಣ್ಣು ತುಂಬುವಂತಿತ್ತು. ಆಮೇಲೆ ನನ್ನ ಕಡೆ ತಿರುಗಿ, ಯೋಚನೆಯಿಲ್ಲದೆ, "ಅಕ್ಕಾ, ನಿಮ್ಮದೊಂದು ಖಣ ಕೊಡ್ರಿ" ಎಂದಳು.

ಹೇಳಿದ ಮೇಲೆ ಅವಳಿಗೆ ಹೊಳೆಯಿತು. ಕತ್ತರಿ ಕೈಯಲ್ಲಿಯೇ ಉಳಿಯಿತು. "ನಾ ಅಂಗಡ್ಯಾಗಿಂದ ತರ್ತೀನ್ರಿ" ಎಂದಳು.

"ಬ್ಯಾಡ" ಎಂದೆ. "ಇಲ್ಲಂದ್ರ ಇಲ್ಲ. ಇಲ್ಲದ್ದನ್ನ ಐತಿ ಅಂತ ಯಾಕ ಹೊಲೀಬೇಕು?"

ತಬಲಾ ನನ್ನದು. ಅದನ್ನು ಹೊತ್ತ ಚೀಲದಲ್ಲಿ ನನ್ನದೆನ್ನುವ ಒಂದು ಬೆರಳಗಲದ ಬಟ್ಟೆಯಿಲ್ಲ. ಅಂದು ನನಗೆ ಅಳು ಬಂತು ಎಂದರೆ ಸುಳ್ಳಾದೀತು. ಸಿಟ್ಟು ಬಂತು, ಬಂದದ್ದು ಹೋಗಲೂ ಇಲ್ಲ.

ಅದರ ನಂತರ ಬಂದ ಕರೆ ಅಥಣಿ ತಾಲೂಕಿನದು. ಐಗಳಿ ದಾಟಿದ ಮೇಲೆ ಟೆಂಪೋದಲ್ಲಿಯೇ ಮೈದುನನಿಗೆ ಹೇಳಿದೆ: "ಇವತ್ತ ತಬಲಾದವ್ರು ಬರ್ರಿ ಅಂತಾರ. ನೀ ಏಳಬ್ಯಾಡ."

"ಕೈ ಹಿಡದ ಎಬ್ಬಿಸಿದ್ರ?"

"ಕಾಲ ಜೋಂ ಹಿಡದೈತಿ ಅನ್ನು."

ನೆಗೆಣ್ಣಿ ಹಿಂದಿನ ಸೀಟಿನಿಂದ ಬಾಗಿದಳು. "ಅಕ್ಕಾ, ಮುಂದ ಯಾರೂ ಕರಿಯಂಗಿಲ್ರಿ. ಮನಿ ಬಿಟ್ಟ ಹೊರಗ ಬರೂದು ಇದೊಂದ ಐತಿ ನಮಗ."

ಅವಳ ಮಾತು ಸುಳ್ಳಲ್ಲ. ಅದಕ್ಕೇ ನಾನು ಎಲ್ಲರ ಮುಂದೆ ಕೇಳಿದೆ: "ನೀವು ಬ್ಯಾಡ ಅಂದ್ರ ನಾ ಸುಮ್ಮ ಕುಂಡ್ರತೀನಿ. ಆದ್ರ ಇವತ್ತಿನ ಮ್ಯಾಲ ತಬಲಾ ಮುಟ್ಟೂದಿಲ್ಲ. ಗಂಡಸನ್ನ ತರಿಸ್ಕೋರಿ."

ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು, ಸೊಸೆಯ ಮೇಲೆ ಸದಾ ಸಿಟ್ಟಾಗಿರುವವಳು, ಎಲೆಅಡಿಕೆ ಅಗಿಯುತ್ತ ಹೇಳಿದಳು: "ಕರಿಯದಿದ್ರ ಬುತ್ತಿ ಕಟ್ಕೊಂಡ ಹೊಳಿ ದಂಡಿಗೆ ಹೋಗಿ ಹಾಡೂಣು ಬಿಡ."

ಆ ಊರಲ್ಲಿ ನಾನು ಚೆನ್ನಾಗಿ ಬಾರಿಸಿದೆ. ಇದನ್ನೂ ಬೇರೆಯವರು ಹೇಳಲಿ ಎಂದು ಬಿಡುವುದಿಲ್ಲ. ತಬಲಾ ಶ್ರುತಿಗೆ ಹದವಾಗಿ ಕೂತಿತ್ತು, ಎಡಗೈಯ ಡಗ್ಗಾದ ದನಿ ನೆಲದಿಂದ ಏಳುವಂತಿತ್ತು, ಜನ ಊಟಕ್ಕೂ ಏಳದೆ ಕೂತಿದ್ದರು. ಮಂಗಳಾರತಿಯಾಯಿತು. ಉಡಿಯ ತಟ್ಟೆ ಬಂತು, ನನ್ನನ್ನು ದಾಟಿ ಹೋಯಿತು. ಆಮೇಲೆ ಫೇಟಾ ಸುತ್ತುವ ಅಜ್ಜ ಮುಂದೆ ಬಂದ. ಸುತ್ತಿನ ಹಳ್ಳಿಗಳ ಮದುವೆಗಳಲ್ಲಿ ವರನ ತಲೆಗೆ ಸುತ್ತಲು ಈತನನ್ನೇ ಕರೆಯುತ್ತಾರಂತೆ. ಕೇಸರಿ ಬಟ್ಟೆಯ ಒಂದು ತುದಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಝಾಡಿಸಿ ನಿರಿಗೆ ಮಾಡಿಕೊಂಡು, "ತಬಲಾದವ್ರು ಬರ್ರಿ" ಎಂದು ಕರೆದ.

ಮೈದುನ ನೆಲ ನೋಡುತ್ತ ಕೂತ. ನಾನು ಎದ್ದು ನಿಂತೆ. "ನಾನ ಅದೀನ್ರಿ."

ಕೆಲವರು ನಕ್ಕರು. ಮೈಕು ಹಿಡಿದವರು ಮೆತ್ತಗೆ, "ಬಾಯಾರ, ನಿಮಗ ಶಾಲ ಹಾಕ್ತೀವ್ರಿ" ಎಂದರು.

"ಶಾಲ ನನ್ನ ಕಡೆ ಅದಾವ್ರಿ. ತಬಲಾದವ್ರಿಗೆ ಏನ ಕೊಡ್ತೀರಿ, ಅದನ್ನ ಕೊಡ್ರಿ."

ಯುಗಾದಿಯ ಮೆರವಣಿಗೆಯಲ್ಲಿ ನಿಪ್ಪಾಣಿಯ ಹುಡುಗಿಯರು ಫೇಟಾ ಕಟ್ಟಿಕೊಂಡು ಬೈಕು ಓಡಿಸುವುದನ್ನು ಇದೇ ಜನ ಮೊಬೈಲಿನಲ್ಲಿ ನೋಡಿ ಮೆಚ್ಚುತ್ತಾರೆ. ಅದು ಬಾಡಿಗೆಗೆ ತಂದ ಶೃಂಗಾರ. ನಾನು ಕೇಳಿದ್ದು ಮಾನ, ಅದಕ್ಕೇ ಕಷ್ಟವಾಯಿತು. ಹಿಂದಿನಿಂದ ಯಾರೋ, ಕೇಳಲಿ ಎಂದೇ, "ಗಂಡಿಲ್ಲದ ಹೆಣಮಗಳ ತಲಿಗೆ ಫೇಟಾ ಅಂದ್ರ ಹೆಂಗ?" ಎಂದರು.

ತರಗತಿಯಲ್ಲಿ ಹಿಂದಿನ ಬೆಂಚಿಗೆ ಕೇಳುವಂತೆ ಮಾತಾಡುವ ರೂಢಿ ನನಗಿದೆ. "ಉಡಿ ತುಂಬೂ ಮುಂದ ನಾ ಮುತ್ತೈದಿ ಅಲ್ಲ. ಫೇಟಾ ಸುತ್ತೂ ಮುಂದ ಗಂಡಸಲ್ಲ. ಹಂಗಾರ ಈಗ ತಬಲಾ ಬಾರಿಸಿದವ್ರು ಯಾರ್ರಿ?"

ಅಜ್ಜ ಫೇಟಾದ ಬಟ್ಟೆ ಹಿಡಿದು ನನ್ನ ತಲೆಯನ್ನೇ ನೋಡುತ್ತಿದ್ದ. ಈತನೂ ಬೇಡವೆನ್ನುತ್ತಾನೆ ಎಂದುಕೊಂಡೆ. ಆತ ಹೇಳಿದ್ದು ತನ್ನ ಕಸುಬಿನ ಮಾತು: "ಸೆರಗಿನ ಮ್ಯಾಲ ಫೇಟಾ ನಿಲ್ಲೂದಿಲ್ಲವ್ವ. ಜಾರತೈತಿ."

ಮದುವೆಯಾದಾಗಿನಿಂದ ಹಿರಿಯರ ಮುಂದೆ ನಾನು ತಲೆಯ ಸೆರಗು ಸರಿಸಿದವಳಲ್ಲ. ಗಂಡನ ಹೆಣದ ಮುಂದೆ ಕೂತಾಗಲೂ ಅದು ತಲೆಯ ಮೇಲಿತ್ತು. ಸೆರಗನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿದೆ. ಅರ್ಧ ಬೆಳ್ಳಗಾದ ನನ್ನ ಕೂದಲನ್ನು ಇಡೀ ಊರು ನೋಡಿತು. ನೋಡಲಿ ಎಂದು ತಲೆಯೆತ್ತಿ ನಿಂತೆ.

ಅಜ್ಜ ಬಟ್ಟೆಯ ತುದಿಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಸುತ್ತತೊಡಗಿದ. ಒಂದೊಂದು ಸುತ್ತಿಗೂ ಬೆರಳಿನಿಂದ ನಿರಿಗೆ ಒತ್ತುತ್ತಿದ್ದ, ವರನಿಗೆ ಸುತ್ತುವಷ್ಟೇ ನಿಧಾನವಾಗಿ. ಕಡೆಯ ಸುತ್ತಿಗೆ ಕೈ ನಿಲ್ಲಿಸಿ ಕೇಳಿದ, "ಬಿಗಿ ಆತೇನವ್ವ?"

"ಇಲ್ರಿ" ಎಂದೆ. "ಇನ್ನೊಂದೀಟ ಬಿಗೀರಿ."