ಪೌಡರ್ ಹಚ್ಚಿಕೊಂಡ ಚಾವಡಿ

ಚಾಮರಾಜನಗರಕ್ಕೆ ವರ್ಗವಾಗಿ ಬಂದ ಹೊಸತರಲ್ಲಿ ಅಂಗಡಿಬೀದಿಯಿಂದ ಒಂದು ಪೌಡರ್ ಡಬ್ಬಿ ಕೊಂಡುತಂದು ಕನ್ನಡಿಯ ಮುಂದಿಟ್ಟಿದ್ದೆ. ಒಂದೆರಡು ಸಲ ಹಚ್ಚಿಕೊಂಡಿದ್ದೆನೋ ಏನೋ. ಬ್ಯಾಂಕಿನ ಗಾಜಿನ ಕಿಂಡಿಯ ಹಿಂದೆ ಕೂತವಳ ಮುಖವನ್ನು ಯಾರು ನೋಡುತ್ತಾರೆ, ಎಲ್ಲರ ಕಣ್ಣೂ ನೋಟು ಎಣಿಸುವ ಅವಳ ಕೈಯ ಮೇಲೆಯೇ ಎಂಬ ಜ್ಞಾನೋದಯವಾದ ಮೇಲೆ ಅದನ್ನು ಮೂಲೆಗೆ ಸರಿಸಿದೆ. ಮಳೆಗಾಲದ ತೇವಕ್ಕೆ ಅದರ ನೆತ್ತಿಯ ತೂತುಗಳೆಲ್ಲ ಕಟ್ಟಿಕೊಂಡು, ಬೋರಲು ಹಾಕಿ ಕುಟ್ಟಿದರೂ ಒಂದು ಕಣ ಉದುರದಂತಾಯಿತು. ನನಗೂ ಅದರಿಂದ ಏನೂ ಆಗಬೇಕಾಗಿರಲಿಲ್ಲ.

ಪೌಡರಿಗೂ ಫೋಟೋಕ್ಕೂ ಇರುವ ನಂಟು ನಿಮಗೆ ಗೊತ್ತೇ ಇದೆ. ನಮ್ಮ ಬಾಲ್ಯದಲ್ಲಿ ಸ್ಟುಡಿಯೋ ಎಂದರೆ ಒಂದು ಪರದೆ, ಒಂದು ಕನ್ನಡಿ, ಯಾರೂ ಹೊತ್ತುಕೊಂಡು ಹೋಗದಂತೆ ದಾರ ಕಟ್ಟಿ ನೇತುಹಾಕಿದ ಒಂದು ಬಾಚಣಿಗೆ, ಮತ್ತು ಊರಿನವರೆಲ್ಲ ಬಳಿದುಕೊಳ್ಳುತ್ತಿದ್ದ ಒಂದು ಪೌಡರ್ ಡಬ್ಬಿ. ಅಮ್ಮ ನನ್ನ ಗಲ್ಲ ಹಿಡಿದು ಎಷ್ಟು ಬಳಿಯುತ್ತಿದ್ದಳೆಂದರೆ ಆ ಕಾಲದ ಚಿತ್ರಗಳಲ್ಲೆಲ್ಲ ನಾನು ಹಿಟ್ಟಿನ ಗಿರಣಿಯಿಂದ ನೆಟ್ಟಗೆ ಎದ್ದು ಬಂದವಳಂತಿದ್ದೇನೆ. ಇದ್ದ ಮುಖವನ್ನು ಇದ್ದಂತೆಯೇ ಕ್ಯಾಮೆರಾಕ್ಕೆ ಒಡ್ಡುವುದು ನಮ್ಮ ಕಡೆ ಒಂದು ಬಗೆಯ ಅನಾದರ. ಈ ಸಂಗತಿಯನ್ನು ನಾನು ಮರೆತೇಬಿಟ್ಟಿದ್ದೆ.

ಆಗ ನನಗೆ ನಲವತ್ತಾರು. ಮದುವೆಯಾಗಿರಲಿಲ್ಲ. ಜೊತೆಗಿದ್ದ ಅಮ್ಮ ಹಿಂದಿನ ವರ್ಷ ತೀರಿಕೊಂಡಿದ್ದಳು. ವಾರದ ಆರು ದಿನಗಳನ್ನು ಬ್ಯಾಂಕು ನುಂಗಿಹಾಕುತ್ತಿತ್ತು, ಏಳನೆಯದನ್ನು ಏನು ಮಾಡುವುದೆಂದು ಶನಿವಾರ ಸಂಜೆಯಿಂದಲೇ ಎದೆ ಕುಸಿಯುತ್ತಿತ್ತು. ಭಾನುವಾರವೆಂದರೆ ನನಗೆ ನಿಜವಾಗಿಯೂ ಭಯ. ಆ ಭಯಕ್ಕೆ ಪರಿಹಾರವಾಗಿ ಹಳೆಯ ಮಾರುತಿ ಕಾರೊಂದನ್ನು ಕೊಂಡೆ, ಅಪ್ಪನ ಕಾಲದ ರೀಲಿನ ಕ್ಯಾಮೆರಾವನ್ನು ಪೆಟ್ಟಿಗೆಯಿಂದ ಹೊರತೆಗೆದೆ, ಹಳ್ಳಿಗಳಲ್ಲಿ ಉಳಿದ ಹಳೆಯ ಕಟ್ಟಡಗಳ ಚಿತ್ರ ಹಿಡಿಯುವುದು ನನ್ನ ಹವ್ಯಾಸವೆಂದು ಸಹೋದ್ಯೋಗಿಗಳ ಮುಂದೆ ಘನವಾಗಿ ಘೋಷಿಸಿದೆ. ಹವ್ಯಾಸವೆಂಬ ಗೌರವದ ಹೆಸರಿನಡಿಯಲ್ಲಿ ಎಷ್ಟು ಜನ ತಂತಮ್ಮ ಭಾನುವಾರಗಳಿಂದ ತಲೆತಪ್ಪಿಸಿಕೊಂಡು ಓಡಾಡುತ್ತಿದ್ದಾರೋ ದೇವರೇ ಬಲ್ಲ!

ಕುದೇರಿನ ಕಡೆಯ ದಾರಿಯಲ್ಲಿ ಹುಲ್ಲು ತುಂಬಿಟ್ಟ ಮಂಟಪವೊಂದಿತ್ತು. ಬದನಗುಪ್ಪೆಯಾಚೆ, ಕಾರ್ಖಾನೆಗಳಿಗೆಂದು ಅಳೆದು ಕಲ್ಲು ನೆಟ್ಟ ಬಯಲಿನ ಅಂಚಿನಲ್ಲಿ, ಯಾರು ಯಾರಿಗಾಗಿ ಕಟ್ಟಿಸಿದರೆಂದು ಯಾರಿಗೂ ತಿಳಿಯದ ಒಂದು ಕಲ್ಲಿನ ತಂಗುಮನೆಯಿತ್ತು. ಗುಂಡ್ಲುಪೇಟೆಯ ಕಡೆಗೆ ಹೊರಟರೆ ಕೇರಳಕ್ಕೆ ಬಾಳೆಕಾಯಿ ಹೊತ್ತ ಲಾರಿಗಳು, ಚೆಂಡುಹೂವಿನ ಹೊಲಗಳು, ದೂರದಲ್ಲಿ ಮಂಜು ಹೊದ್ದ ಗೋಪಾಲಸ್ವಾಮಿ ಬೆಟ್ಟ. ಕಟ್ಟಡಗಳ ಒಂದು ಸದ್ಗುಣವೆಂದರೆ ಅವು ಮಕ್ಕಳೆಷ್ಟು ಎಂದು ಕೇಳುವುದಿಲ್ಲ. ಮನುಷ್ಯರು ಕೇಳುತ್ತಾರೆ. ಆದ್ದರಿಂದ ನಾನೊಂದು ನಿಯಮ ಮಾಡಿಕೊಂಡಿದ್ದೆ: ನನ್ನ ಚಿತ್ರಗಳಲ್ಲಿ ಜನ ಇರಕೂಡದು. ಯಾರಾದರೂ ಅಡ್ಡ ಬಂದರೆ ಸ್ವಲ್ಪ ಸರಿಯಿರಿ ಎನ್ನುತ್ತಿದ್ದೆ, ಪಾಪ, ಸರಿಯುತ್ತಿದ್ದರು. ಅದನ್ನು ಕಲಾದೃಷ್ಟಿ ಎಂದುಕೊಂಡು ಬೀಗುತ್ತಿದ್ದೆ.

ಹೀಗಿರಲಾಗಿ ಒಂದು ಭಾನುವಾರ ಮಧ್ಯಾಹ್ನ, ತೆರಕಣಾಂಬಿಯ ಹಾದಿಯಿಂದ ಒಳಕ್ಕೆ ತಿರುಗಿದ ಒಂದು ಸಣ್ಣ ಊರಿನಲ್ಲಿ ಆ ಚಾವಡಿ ಕಣ್ಣಿಗೆ ಬಿತ್ತು. ಊರಿನವರು ಕೂತು ನ್ಯಾಯ ಮಾತಾಡಲೆಂದು ಎಂದೋ ಕಟ್ಟಿದ್ದು, ಮುಂಭಾಗ ಪೂರ್ತಿ ತೆರೆದದ್ದು. ಒರಗಿದವರ ಬೆನ್ನು ತಾಗಿ ತಾಗಿ ಎಣ್ಣೆಗಪ್ಪಾಗಿದ್ದ ಮರದ ಕಂಬಗಳು, ಅವುಗಳ ತಲೆಯಲ್ಲಿ ಕೊರೆದ ಗಿಣಿಗಳು, ಹೊಗೆ ಮಳೆ ಬಿಸಿಲುಗಳೆಲ್ಲ ಸೇರಿ ಬಣ್ಣ ಕಟ್ಟಿದ ಗಾರೆ ಗೋಡೆ. ನೋಡಿದವಳೇ ಮರುಳಾದೆ. ಆದರೆ ಅದು ಪೂರ್ವಾಭಿಮುಖ. ಆ ಹೊತ್ತಿನಲ್ಲಿ ಮುಖವೆಲ್ಲ ನೆರಳು. ಜಗುಲಿಯಲ್ಲಿ ಒಬ್ಬ ಮುದುಕಿ ಎಲೆಅಡಿಕೆ ಕುಟ್ಟುತ್ತಿದ್ದಳು, ಹೆಸರು ಚಿಕ್ಕತಾಯಮ್ಮ. ಪಕ್ಕದಲ್ಲಿ ನಾಲ್ಕೈದು ಜನ ಕೂತಿದ್ದರು. ಎಲ್ಲರನ್ನೂ ಎಬ್ಬಿಸಿ, ಬದಿಗೆ ಸರಿಸಿ, ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿ, ಕೈಚೆಲ್ಲಿದೆ.

“ಬೆಳಕು ಸರಿಯಿಲ್ಲ ಅಜ್ಜಿ. ಮುಂದಿನ ಭಾನುವಾರ ಬೆಳಗ್ಗೆ ಬಿಸಿಲು ಮೂಡುವಾಗ ಬರ್ತೀನಿ,” ಎಂದೆ.

“ಇದ್ರ ಫೋಟೋ ತಕ್ಕಂಡು ಏನ್ಮಾಡೀಯವ್ವ?”

“ಇಟ್ಕೋತೀನಿ.”

ಚಿಕ್ಕತಾಯಮ್ಮ ನನ್ನನ್ನೂ ಚಾವಡಿಯನ್ನೂ ಒಮ್ಮೆ ನೋಡಿದಳು. “ಅಂಗಾರೆ ಬಾ,” ಎಂದಳು.

ಆ ವಾರವೆಲ್ಲ ಚಾವಡಿಯದೇ ಧ್ಯಾನ. ಅದೊಂದು ಚಿತ್ರ ಕೈಗೂಡಿದರೆ ಚೌಕಟ್ಟು ಹಾಕಿಸಿ ಬರಿಯ ಗೋಡೆಗೆ ತೂಗುಹಾಕಬೇಕು, ಸಂಜೆ ಬೀಗ ತೆಗೆದು ಒಳಹೊಕ್ಕಾಗ ಎದುರಿಗೆ ಏನಾದರೊಂದು ಇರಲಿ ಎಂಬ ಆಸೆ. ನಗಬೇಡಿ, ಖಾಲಿ ಮನೆಗೆ ಹಿಂದಿರುಗುವವರಿಗೆ ಮಾತ್ರ ಈ ಆಸೆಯ ತೂಕ ಗೊತ್ತು.

ಭಾನುವಾರ ಇನ್ನೂ ಕತ್ತಲಿರುವಾಗಲೇ ಹೊರಟು, ಬಿಸಿಲು ಮೂಡುವ ಹೊತ್ತಿಗೆ ಆ ಊರಿನಲ್ಲಿದ್ದೆ. ಚಾವಡಿಯೇನೋ ಇತ್ತು, ಆದರೆ ನನ್ನ ಚಾವಡಿ ಇರಲಿಲ್ಲ. ಗೋಡೆಗೆ ನೀಲಿ ಬೆರೆಸಿದ ಸುಣ್ಣ, ಜಗುಲಿಯ ಅಂಚಿಗೆ ಕೆಮ್ಮಣ್ಣಿನ ಪಟ್ಟಿ, ಎಣ್ಣೆಗಪ್ಪಿನ ಕಂಬಗಳಿಗೆ ಹಸಿರು ಪೇಂಟು. ಗಿಣಿಗಳೂ ಹಸಿರು, ಅವುಗಳ ಕೊಕ್ಕೂ ಹಸಿರು. ಕಂಬದಿಂದ ಕಂಬಕ್ಕೆ ಚೆಂಡುಹೂವಿನ ಮಾಲೆ, ಮೆಟ್ಟಿಲ ಮುಂದೆ ರಂಗೋಲಿ. ಅಳು ಬರುವಷ್ಟು ಸಂಕಟವಾಯಿತು, ಸಿಟ್ಟೂ ಬಂತು.

“ಯಾಕಜ್ಜಿ ಹೀಗೆ ಮಾಡಿದ್ರಿ? ಮೊದಲೇ ಎಷ್ಟು ಚೆನ್ನಾಗಿತ್ತು!”

ಚಿಕ್ಕತಾಯಮ್ಮನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ನೀನು ಬತ್ತೀನಿ ಅಂದಿದ್ಯಲ್ಲವ್ವ. ಮಕ ತೊಳೀದಲೆ ಯಾರಾರ ಫೋಟೋ ಹಿಡಿಸ್ಕಂಡಾರಾ?”

ಕಂಬಕ್ಕೆ ಒರಗಿ ನಿಂತಿದ್ದ ಅವಳ ಮಗ ನಕ್ಕ. ಅವನ ಮೊಣಕೈಗಳಲ್ಲಿ ಇನ್ನೂ ಹಸಿರು ಪೇಂಟು ಮೆತ್ತಿಕೊಂಡಿತ್ತು. “ಒತ್ತು ಮೂಡೋಕ್ ಮುಂಚ್ಲಿಂದ ಇಲ್ಲೇ ಕುಂತವ್ಳೆ ಕಣಮ್ಮ ನಮ್ಮವ್ವ. ಪ್ಯಾಟೆಯೋರು ಬತ್ತೀನಿ ಅಂದ್ರೆ ಬಂದಂಗೇಯಾ, ಸುಮ್ಕೆ ಒಳೀಕ್ ನಡಿ ಅಂದ್ರೂ ಕೇಳ್ನಿಲ್ಲ.”

ನನ್ನ ಸಿಟ್ಟು ನಿಂತಲ್ಲೇ ನಿಂತುಬಿಟ್ಟಿತು. ಅಮ್ಮ ಹೋದಮೇಲೆ ನಾನು ಬರುತ್ತೇನೆಂದು ಯಾರೂ ಕಾದಿರಲಿಲ್ಲ. ಬರದಿದ್ದರೆ ಹುಡುಕುವವರೂ ಇರಲಿಲ್ಲ. ಇಲ್ಲಿ, ಹೆಸರನ್ನೂ ಕೇಳದ ಒಬ್ಬ ಮುದುಕಿ ನನ್ನ ಬಾಯಿಮಾತೊಂದನ್ನು ನಂಬಿ ಒಂದು ಕಟ್ಟಡಕ್ಕೇ ಮುಖ ತೊಳೆಸಿ, ಪೌಡರ್ ಹಚ್ಚಿ, ಹೂ ಮುಡಿಸಿ ಕೂತಿದ್ದಾಳೆ. ಆ ಗಿಣಿಗಳಿಗಾಗಿ ಇಂದಿಗೂ ನನಗೆ ದುಃಖವಿದೆ, ಸುಳ್ಳು ಹೇಳಲಾರೆ. ಆದರೆ ಆ ಗಳಿಗೆಯಲ್ಲಿ ಗಿಣಿಗಳ ನೆನಪಾಗಲಿಲ್ಲ.

ಕ್ಯಾಮೆರಾ ಎತ್ತಿದೆ. ನಾನು ಬಾಯಿ ತೆರೆಯುವ ಮೊದಲೇ ಮಗ ಕೂಗಿದ, “ಸರೀರ್ಲಾ ಎಲ್ಲಾವ! ಆಯಮ್ಮಂಗೆ ಜನ ಬ್ಯಾಡ.” ಹೋದ ವಾರದ ನನ್ನ ನಿಯಮವನ್ನು ಅವರು ನೆನಪಿಟ್ಟಿದ್ದರು. ಇರಲಿ ಬಿಡಿ, ಕೂತಿರಿ ಎನ್ನಲು ನನಗೆ ಹೊತ್ತೇ ಸಿಗಲಿಲ್ಲ. ಎಲ್ಲರೂ ಎದ್ದು, ರಂಗೋಲಿ ತುಳಿಯದಂತೆ ಸುತ್ತಿ ಬಂದು, ನನ್ನ ಹಿಂದೆ ನಿಂತರು. ಚಿಕ್ಕತಾಯಮ್ಮ ನನ್ನ ಒತ್ತಿನಲ್ಲೇ ನಿಂತು, ಮಾಲೆಯಲ್ಲಿ ಮಿಕ್ಕಿದ್ದ ಒಂದು ಚೆಂಡುಹೂವನ್ನು ನನ್ನ ತುರುಬಿಗೆ ಸಿಕ್ಕಿಸತೊಡಗಿದಳು. ಖಾಲಿ ಚಾವಡಿ ಮದುವಣಗಿತ್ತಿಯ ಹಾಗೆ ತಲೆತಗ್ಗಿಸಿ ಕೂತಿತ್ತು. ಗುಂಡಿ ಒತ್ತಿದೆ.

ಹೊರಡುವಾಗ ಅವಳು ಕಾರಿನ ಕಿಟಕಿ ಹಿಡಿದು, “ಬರೋ ಬಾನ್ವಾರ ತಂದು ತೋರ್ಸ್ಬುಟ್ಟು ಓಗ್ಬೇಕು ಕಣವ್ವ. ಕಾಯ್ತಿರ್ತೀನಿ,” ಎಂದಳು. ದಾರಿಯುದ್ದಕ್ಕೂ ಆ ಮಾತು ಜೊತೆಗಿತ್ತು. ಮನೆಯ ಬೀಗ ತೆಗೆದಾಗ ಮಾತ್ರ ಎಂದಿನ ಮೌನವೇ ಎದ್ದು ಬಂತು. ತುರುಬಿನ ಹೂವನ್ನು ತೆಗೆದು ಎಲ್ಲಿಡುವುದೆಂದು ತಿಳಿಯದೆ ಒಂದು ಲೋಟದ ನೀರಿನಲ್ಲಿ ಹಾಕಿಟ್ಟೆ.

ವಾರದ ನಡುವೆ ಸ್ಟುಡಿಯೋದವರು ಆ ಚಿತ್ರವನ್ನು ಬೇರೆ ತೆಗೆದಿಟ್ಟು, “ಇದು ಕೆಟ್ಟುಹೋಗಿದೆ ಮೇಡಂ, ನೆರಳು ಬಿದ್ದಿದೆ,” ಎಂದರು. ನೋಡಿದೆ. ಬೆನ್ನ ಹಿಂದಿನ ಎಳೆಬಿಸಿಲಿಗೆ ನಮ್ಮೆಲ್ಲರ ನೆರಳುಗಳೂ ಉದ್ದಕ್ಕೆ ಚಾಚಿ, ರಂಗೋಲಿ ದಾಟಿ, ಮೆಟ್ಟಿಲು ಹತ್ತಿ, ಹೊಸ ಸುಣ್ಣದ ಜಗುಲಿಯ ಮೇಲೆ ಸಾಲಾಗಿ ನಿಂತಿದ್ದವು. ಸಾಲಿನ ನಡುವೆ ಮೊಣಕೈ ಎತ್ತಿ ನಿಂತವಳು ನಾನು. ನನಗೆ ಒತ್ತಿಕೊಂಡು, ಒಂದು ಕೈ ನನ್ನ ತಲೆಯ ಮೇಲಿಟ್ಟಿರುವ ಗಿಡ್ಡ ನೆರಳು ಚಿಕ್ಕತಾಯಮ್ಮನದು. ನನ್ನ ನೆರಳು ಎಲ್ಲಿ ಮುಗಿಯಿತು, ಅವಳದು ಎಲ್ಲಿ ಶುರುವಾಯಿತು ಎಂದು ಎಷ್ಟು ನೋಡಿದರೂ ತಿಳಿಯಲಿಲ್ಲ.

ಎರಡು ಪ್ರತಿ ಹಾಕಿಸಿದೆ. ಒಂದು ನನ್ನ ಗೋಡೆಗೆ, ಒಂದು ಅವಳಿಗೆ.

ಭಾನುವಾರ ಕತ್ತಲಲ್ಲೇ ಎದ್ದು ಮುಖ ತೊಳೆದೆ. ಕನ್ನಡಿಯ ಮುಂದೆ ನಿಂತು, ಸೇಫ್ಟಿ ಪಿನ್ನಿನಿಂದ ಡಬ್ಬಿಯ ನೆತ್ತಿಯನ್ನು ಚುಚ್ಚಿ ಚುಚ್ಚಿ, ಕಟ್ಟಿಕೊಂಡ ತೂತುಗಳನ್ನು ಬಿಡಿಸಿದೆ. ಒಮ್ಮೆಗೇ ಅಂಗೈ ತುಂಬ ಉದುರಿತು. ಹಚ್ಚಿಕೊಂಡೆ. ಅಮ್ಮ ಹಚ್ಚುತ್ತಿದ್ದಂತೆಯೇ ಜಾಸ್ತಿಯಾಯಿತು. ಆದರೆ ಅಲ್ಲಿ ಚಿಕ್ಕತಾಯಮ್ಮ ಆಗಲೇ ಎದ್ದು ಜಗುಲಿಯಲ್ಲಿ ಕೂತಿರುತ್ತಾಳೆ, ಒರೆಸಿಕೊಳ್ಳಲು ಹೊತ್ತಿರಲಿಲ್ಲ.